ಎಷ್ಟು ತಪ್ಪುತ್ತದೆ ಎಂದು ಕೇಳುತ್ತಿದ್ದವರು

ಬೆಳಿಗ್ಗೆ ಐದೂವರೆಗೆ ನಳದ ನೀರು ಬಂತು, ಹನ್ನೊಂದು ಕೊಡ ತುಂಬಿದೆ. ಅತ್ತೆಯ ಎರಡೂ ಕಣ್ಣಿಗೆ ಹನಿ ಹಾಕಿದೆ. ತೊಗರಿಬೇಳೆ ಬಿಸಿಲಿಗೆ ಹರವಿದೆ. ಎಂಟನೇ ತರಗತಿಯ ಸಮಾಜ ಪೇಪರು ಇಪ್ಪತ್ತಾರು ತಿದ್ದಿದೆ, ಹದಿನೈದು ಉಳಿದವು. ಫೋನಿನಲ್ಲಿ ಜಾಗ ಸಾಲದೆಂದು ಹೂವಿನ ಮೇಲೆ ಶುಭೋದಯ ಬರೆದ ಚಿತ್ರಗಳನ್ನೆಲ್ಲ ಅಳಿಸಿದೆ. ಪುಂಡಿಪಲ್ಯದ ಸೊಪ್ಪು ಸೋಸುತ್ತ ಕೂತು, ನಾಲ್ಕು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಒಂದು ಮಾತನ್ನು ಅತ್ತೆಗೆ ಕೇಳಿದೆ. ಸಂಜೆ ನಾಲ್ಕಕ್ಕೆ ಚಹಾದಂಗಡಿಯ ಆಚೆ ಗೌಂಡಿಯ ಕೈಲಿ ಒಂದು ಫರ್ಸಿ ಕಲ್ಲು ಕೂಡಿಸಿದೆ. ಭಾನುವಾರ ಮುಗಿಯಿತು.

ಆ ಮಾತು ಕೇಳಲು ನನಗೆ ಹೇಳಿದವರು ಈಗ ಇಲ್ಲ. ಹೋಗಿ ಇಪ್ಪತ್ತು ದಿನವಾಯಿತು. ಬೆಳಿಗ್ಗೆ ಗಡ್ಡ ಮಾಡಿಕೊಂಡು, ಕನ್ನಡಿ ಒರೆಸಿಟ್ಟು, ಎದೆ ಹಿಡಿದುಕೊಂಡು ಕೂತರಂತೆ. ಶಹಾಪುರದ ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕನ್ನಡಿ ಒರೆಸಿಟ್ಟಿದ್ದನ್ನು ಅವರ ಹೆಂಡತಿ ನನಗೆ ಎರಡು ಸಲ ಹೇಳಿದರು. ಅವರನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವಿಲ್ಲ.

ಮೂವತ್ತು ಚಿಲ್ಲರೆ ವರ್ಷ ಮೋಜಣಿ ಕೆಲಸದಲ್ಲಿದ್ದವರು. ಶಹಾಪುರ, ಸುರಪುರ, ವಡಗೇರಾ ಕಡೆಯ ಹೊಲಗಳನ್ನೆಲ್ಲ ಸರಪಳಿ ಹಿಡಿದು ಅಳೆದು, ನಿವೃತ್ತಿಯಾದ ಮೇಲೆ ನಮ್ಮೂರಿಗೆ ತಿರುಗಿ ಬಂದು, ಕೆಳಗಿನ ಓಣಿಯಲ್ಲಿ ಹುಟ್ಟಿದ ಮನೆಯ ಜಾಗದಲ್ಲೇ ಎರಡು ಕೋಣೆ ಕಟ್ಟಿಕೊಂಡರು. ಎದುರು ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಕೊಡೆ. ನಡೆಯುವಾಗ ಅವರ ತುಟಿ ಅಲುಗಾಡುತ್ತಿತ್ತು. ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಾರೆ ಎಂದು ಮೊದಮೊದಲು ತಿಳಿದಿದ್ದೆ. ಹೆಜ್ಜೆ ಎಣಿಸುತ್ತಿದ್ದರು. ದಾರಿಯಲ್ಲಿ ಮಾತಾಡಿಸಿದರೆ ಒಂದು ಬೆರಳೆತ್ತಿ ತಡೆದು, "ಇನ್ನೂರಾ ಹನ್ನೆರಡು" ಎಂದು ತಮಗೇ ಹೇಳಿಕೊಂಡು, ಆಮೇಲೆ "ಏನ್ರಿ ಬಾಯಾರ, ಆರಾಮ?" ಎನ್ನುವರು. ಶಾಲೆ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರ ಎನ್ನುವುದು ರೂಢಿ. ನಮ್ಮ ಮನೆಯಿಂದ ಶಾಲೆಗೆ ಆರುನೂರಾ ನಲವತ್ತು ಹೆಜ್ಜೆ ಎಂದು ಅವರಿಂದಲೇ ಗೊತ್ತಾಯಿತು. ಗೊತ್ತಾದ ಮೇಲೆ ಆ ದಾರಿ ನನಗೆ ಉದ್ದವಾಗಿದೆ.

ಹೊಲದ ಗಡಿಗೆ ನೆಟ್ಟ ಬಾಂದುಕಲ್ಲಿನ ಮೇಲೆ ಕೂಡುತ್ತಿರಲಿಲ್ಲ. ಎಷ್ಟೇ ದಣಿದಿದ್ದರೂ ಪಕ್ಕದ ನೆಲದ ಮೇಲೆ ಟವೆಲ್ ಹಾಸಿಕೊಂಡು ಕೂಡುವರು. ಯಾಕೆಂದು ಕೇಳಿದರೆ, "ಅದು ಸಾಕ್ಷಿ ಹೇಳೂ ಕಲ್ಲದ್ರಿ, ಅದರ ಮ್ಯಾಲ ಕುಂತ್ರ ಹೆಂಗ?" ಎನ್ನುತ್ತಿದ್ದರು.

ಅವರಿಗೆ ಕೆಲವು ನೇಮಗಳಿದ್ದವು. ಒಂದು ಕಡೆಯಿಂದ ಅಳೆದದ್ದನ್ನು ಅಳತೆ ಎನ್ನುತ್ತಿರಲಿಲ್ಲ. ಆ ತುದಿಯಿಂದ ಈ ತುದಿಗೆ ಅಳೆದರೆ ಈ ತುದಿಯಿಂದ ಆ ತುದಿಗೂ ಅಳೆಯಬೇಕು. ಎರಡೂ ಕೂಡದಿದ್ದರೆ ನಡುವಿನದನ್ನು ಹಿಡಿಯಬಾರದು. "ನಡುವಿಂದು ಹಿಡಿದ್ರ ಎರಡೂ ಸುಳ್ಳ ಆಗ್ತಾವ್ರಿ" ಎಂಬುದು ಅವರ ಮಾತು. ಹಾಗಾದರೆ ಯಾವುದನ್ನು ಹಿಡಿಯುವುದು ಎಂದು ಒಮ್ಮೆ ಕೇಳಿದ್ದೆ. ಅದಕ್ಕೆ ವಡಗೇರಾ ಕಡೆಯ ಒಂದು ಹೊಲದ ಕಥೆ ಹೇಳಿದರು. ಗಡಿಯ ಕಲ್ಲು ಕಿತ್ತುಹೋಗಿತ್ತಂತೆ. ಈ ಕಡೆಯವ ಒಂದು ಜಾಗ ತೋರಿಸಿದ. ಆ ಕಡೆಯ ಹೊಲದ ಮುದುಕಿ ಬಂದು, ಅದಕ್ಕಿಂತ ಆರು ಹೆಜ್ಜೆ ತನ್ನ ಹೊಲದ ಒಳಗೇ ನಿಂತು, "ಕಲ್ಲ ಇಲ್ಲಿತ್ತಪ್ಪ" ಎಂದಳು.

"ಅಲ್ಲೇ ನೆಟ್ಟು ಬಂದೆ" ಎಂದರು. "ತನಗ ಲುಕ್ಸಾನ ಆಗೂ ಅಳತಿ ಯಾರು ಹೇಳ್ತಾರ, ಅದನ್ನ ಬರಕೋಬೇಕ್ರಿ ಬಾಯಾರ. ಅದನ್ನ ಯಾರೂ ಸುಮ್ಮಸುಮ್ಮನ ಹೇಳೂದಿಲ್ಲ."

ನಮ್ಮಿಬ್ಬರನ್ನು ಒಂದೇ ಕೆಲಸಕ್ಕೆ ಕೂಡಿಸಿದ್ದು ಜಿಲ್ಲೆಯಿಂದ ಬಂದ ಒಂದು ಯೋಜನೆ. ಹಳೆಯ ಜಾಗಗಳಿಗೆ ಹೋಗಿ ಫೋನು ಎತ್ತಿ ಹಿಡಿದರೆ, ಮೊದಲು ಅಲ್ಲಿ ಏನಿತ್ತೋ ಅದು ಈಗಿನ ರಸ್ತೆ, ಅಂಗಡಿಗಳ ನಡುವೆಯೇ ನಿಂತಂತೆ ಕಾಣಬೇಕು. ಸುರಪುರದಲ್ಲಿ ಕೋಟೆಯ ಬಿದ್ದುಹೋದ ಒಂದು ಬಾಗಿಲು, ನಮ್ಮೂರಿನಲ್ಲಿ ರಸ್ತೆ ಅಗಲ ಮಾಡುವಾಗ ಮುಚ್ಚಿದ ಹಳೆಯ ಬಾವಿ. ಇದನ್ನು ಕಟ್ಟಲು ಯಾವ ಸಾಧನ ಬಳಸಬೇಕೆಂದು ಆರಿಸಲು ಮೂವರ ಸಮಿತಿ: ಜಾಗ ಬಲ್ಲವರೆಂದು ಅವರು, ಇತಿಹಾಸ ಕಲಿಸುತ್ತೇನೆಂದು ನಾನು, ಯಾದಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಹೇಳುವ ಗುರುಮಿಠಕಲ್ ಕಡೆಯ ಮೇಡಂ. ಮೇಡಂಗೆ ಮೂವತ್ತು ಆಗಿರಬಹುದು, ನಡೆಯುವುದೂ ಮಾತೂ ಬಲು ಚುರುಕು. ಮೊದಲ ದಿನವೇ ಆಗ್ಮೆಂಟೆಡ್ ರಿಯಾಲಿಟಿ ಎಂದರೇನು ಎಂದು ಗೋಡೆಯ ಮೇಲೆ ಚಿತ್ರ ಬೀಳಿಸಿ ಅರ್ಧ ತಾಸು ತಿಳಿಸಿದರು. ನಮ್ಮ ಮೋಜಣಿ ಸಾಹೇಬರು ಕೊನೆಯ ಸಾಲಿನಲ್ಲಿ ಕೂತು ಎಲ್ಲ ಕೇಳಿ, ಕೈ ಎತ್ತಿದರು.

"ಚೊಲೋ ಅದ್ರಿ ಮೇಡಂ. ಎಷ್ಟು ತಪ್ತದ?"

"ಅಂದ್ರ?"

"ಬಾವಿ ಇದ್ದಲ್ಲಿ ಬಾವಿ ತೋರಿಸ್ತದ ಅಂದ್ರಲ್ಲ. ಎಷ್ಟು ಹೆಜ್ಜಿ ಅತ್ತಾಗ ಇತ್ತಾಗ?"

ಮೇಡಂ ನಕ್ಕು, ಅದು ಬಳಸುವ ಸಾಧನದ ಮೇಲೆ ಹೋಗುತ್ತದೆ ಎಂದರು. "ಹಂಗಾರ ಸಾಧನಾ ಚೊಲೋ ಅದನೋ ಕೆಟ್ಟದನೋ ಕೇಳೂದು ಬ್ಯಾಡ. ಯಾವುದು ಎಷ್ಟು ತಪ್ತದ, ಯಾವ ಕಡಿ ತಪ್ತದ, ಅಷ್ಟ ನೋಡೂಣು" ಎಂದು ಇವರು ಒಂದು ನೂರು ಪುಟದ ನೋಟ್‌ಬುಕ್ ತೆಗೆದರು. ಅದರಲ್ಲಿ ಸಾಧನಗಳ ಇಂಗ್ಲಿಷ್ ಹೆಸರು ಬರೆಯಲಿಲ್ಲ. ಒಂದನೇದು, ಎರಡನೇದು, ಮೂರನೇದು ಎಂದಷ್ಟೇ ಬರೆದರು.

ಬೇಸಿಗೆಯೆಲ್ಲ ಅದೇ ಕೆಲಸ. ಮಧ್ಯಾಹ್ನ ಒಂದಕ್ಕೇ ಪರೀಕ್ಷೆ ಮಾಡಬೇಕೆಂದು ಅವರ ಹಟ. "ಮುಂಜಾನಿ ತಂಪಿನ್ಯಾಗ ಎಲ್ಲಾ ಶಾಣ್ಯಾನ ಇರ್ತಾವ" ಎನ್ನುವರು. ನಮ್ಮ ಬಿಸಿಲು ಗೊತ್ತಲ್ಲ, ಫೋನಿನ ಪರದೆ ಮೇಲೆ ನಮ್ಮ ಮುಖ ಬಿಟ್ಟು ಬೇರೇನೂ ಕಾಣದು. ಅದಕ್ಕೇ ಆ ಕೊಡೆ. ತಾವು ಬಿಸಿಲಲ್ಲಿ ನಿಂತು ಫೋನಿಗೆ ನೆರಳು ಹಿಡಿಯುವರು. ಕಾದು ಫೋನು ತಾನೇ ಆರಿಹೋದರೆ ಒದ್ದೆ ಕರವಸ್ತ್ರದಲ್ಲಿ ಸುತ್ತಿ ಬೇವಿನ ಬುಡದಲ್ಲಿ ಇಟ್ಟು, ಜ್ವರ ಬಂದ ಕೂಸನ್ನು ನೋಡಿದಂತೆ ನೋಡುತ್ತ ಕೂಡುವರು. ಮೇಡಂ ಒಳ್ಳೆಯ ಹೊಸ ಫೋನು ತಂದಿದ್ದರೆ ಇವರು ತಮ್ಮ ಗಾಜು ಒಡೆದ ಹಳೆಯದರಲ್ಲೇ ನೋಡುವರು. "ನೋಡಾಕ ಬರವರದ್ದು ಇಂಥದ ಇರ್ತದ್ರಿ." ಆ್ಯಪ್ ಇಳಿಸಿಕೊಳ್ಳಬೇಕೆಂದು ಮೇಡಂ ಹೇಳಿದಾಗಲೂ ತಮ್ಮ ಫೋನು ತೋರಿಸಿದರು, ಜಾಗವಿಲ್ಲ ಎಂದು ಅದು ಬರೆದು ತೋರಿಸುತ್ತಿತ್ತು. ಕೊನೆಗೆ ಆ್ಯಪ್ ಬೇಡ, ಬ್ರೌಸರಿನಲ್ಲೇ ತೆರೆದುಕೊಳ್ಳುವಂಥದು ಇರಲಿ ಎಂದಾಯಿತು.

ಒಂದನೇದು ಉಪಗ್ರಹವನ್ನಷ್ಟೇ ನಂಬಿದ್ದು. ಜಾಗದಲ್ಲಿ ಏನೂ ನೆಡಬೇಕಿಲ್ಲ, ಬಲು ಸಲೀಸು. ಅದನ್ನು ಮೊದಲು ನಮ್ಮೂರಲ್ಲೇ ನೋಡಿದೆವು. ಬಾವಿ ಬಂದು ಚಹಾದಂಗಡಿಯ ಒಳಗೆ, ಸರಿಯಾಗಿ ಸ್ಟೋವಿನ ಮೇಲೆ ಕೂತಿತು. ಅಂಗಡಿಯವ ಇಣುಕಿ ನೋಡಿ, "ಸಾಹೇಬ್ರ, ಇಲ್ಲಿ ಬಾವಿ ತೋಡಬ್ಯಾಡ್ರಿ, ಹಾಲ ಉಕ್ಕಾಕತ್ಯಾವ" ಎಂದ. ಎರಡು ನಿಮಿಷ ಬಿಟ್ಟು ನೋಡಿದರೆ ಬಾವಿ ರಸ್ತೆ ದಾಟಿ ನಿಂತಿತ್ತು. ಇವರು ಹೆಜ್ಜೆ ಹಾಕಿ ಅಳೆದು ಬರೆದುಕೊಂಡರು: ಹತ್ತು. ಇನ್ನೊಂದು ಸಲ: ಎಂಟು. ತಗಡಿನ ಶೆಡ್ಡಿನ ಹತ್ತಿರ: ಹದಿಮೂರು.

ಎರಡನೇದು ಸುತ್ತಲಿನ ಗೋಡೆ, ಬಂಡೆಗಳನ್ನು ನೋಡಿ ತಾನೇ ಗುರುತು ಹಿಡಿಯುವಂಥದು. ತಪ್ಪುವುದು ಒಂದು ಗೇಣು ಮಾತ್ರ. ಆದರೆ ನೆಟ್‌ವರ್ಕ್ ಬೇಕು, ಭಾರಿ ಫೋನು ಬೇಕು. ಎಲ್ಲೋ ದೂರದ ಕಂಪನಿ ಒಂದು ದಿನ ಅಂಗಡಿ ಮುಚ್ಚಿದರೆ ನಮ್ಮ ಬಾವಿ ಮತ್ತೊಮ್ಮೆ ಮುಚ್ಚಿತು. ಮೂರನೇದಕ್ಕೆ ಜಾಗದಲ್ಲಿ ಒಂದು ಗುರುತಿನ ಚಿತ್ತಾರ ಇಡಬೇಕು. ಫೋನು ಅದನ್ನು ನೋಡಿ, ಅಲ್ಲಿಂದ ಅಳೆದು ಚಿತ್ರ ಕೂಡಿಸುತ್ತದೆ. ತಪ್ಪುವುದು ಕಡಿಮೆ. ಆದರೆ ಕಾಗದದ ಚಿತ್ತಾರ ಬಿಸಿಲಿಗೆ ಬೆಳ್ಳಗಾಯಿತು, ಅದರ ಮೇಲೆ ಯಾರೋ ಜಾಹೀರಾತು ಅಂಟಿಸಿದರು, ಆಡು ಮೈ ತಿಕ್ಕಿತು. ಎಲ್ಲದರಲ್ಲೂ ಒಂದೊಂದು ರಗಳೆ. ಒಂದು ದಿನ ನನಗೆ ಸಾಕಾಗಿ, ಒಂದನೇದೇ ಇರಲಿ ಬಿಡಿ ಸಾಹೇಬರೇ ಎಂದುಬಿಟ್ಟೆ. ಅವರು ನೋಟ್‌ಬುಕ್ ಮುಚ್ಚಿದರು. ಕೊಡೆ ಮಡಿಸಿದರು.

ಅದರ ಮರುವಾರ ಶಹಾಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಬುದ್ಧ ಮಲಗಿದ ಗುಡ್ಡ ಕಂಡಿತು. ಹಣೆ, ಮೂಗು, ಎದೆ, ಎಲ್ಲ ಬಂಡೆಗಳೇ. ಸ್ವಲ್ಪ ಮುಂದೆ ಹೋದರೆ ಬರೀ ಗುಡ್ಡ. ಅವರು ನನ್ನ ಮುಂದಿನ ಸೀಟಿನಿಂದ ತಿರುಗಿ, "ನೋಡ್ರಿ ಬಾಯಾರ, ಇದಕ್ಕ ಫೋನ್ ಬೇಕಾಗಿಲ್ಲ. ಆದ್ರ ನಿಂದರೂ ಜಾಗ ತಪ್ಪಿತಂದ್ರ ಬುದ್ಧನೂ ಇಲ್ಲ" ಎಂದರು. ನನ್ನ ಬೇಸರದ ಮಾತಿಗೆ ಅದು ಉತ್ತರ ಎಂದು ಇಳಿಯುವಾಗ ತಿಳಿಯಿತು.

ಕೊನೆಯ ಸಭೆ ಯಾದಗಿರಿಯಲ್ಲಿ. ಮೇಡಂ ಒಂದನೇದನ್ನೇ ಎರಡೂ ಜಾಗಕ್ಕೆ ಹಾಕೋಣ ಎಂದು ಬರೆದು ತಂದಿದ್ದರು. ನಮ್ಮೂರಿನ ಬಾವಿಯ ಚಿತ್ರವೂ ತಯಾರಾಗಿತ್ತು: ಬಾವಿ, ಗಡಗಡಿ, ಹಗ್ಗ, ಆಚೆ ಒಂದು ಕಲ್ಲಿನ ಮೇಲೆ ಕೊಡ ಹಿಡಿದು ತಲೆ ಬಗ್ಗಿಸಿ ನಿಂತ ಒಬ್ಬ ಹೆಂಗಸು. ಆ ಕಲ್ಲಿನ ಮಾತು ಹೇಳಿದ್ದು ಸಾಹೇಬರೇ. ಕೆಳಗಿನ ಓಣಿಯವರು ಬಾವಿಯನ್ನು ಮುಟ್ಟುವಂತಿರಲಿಲ್ಲ. ಮೇಲಿನ ಓಣಿಯ ಹೆಂಗಸರು ಯಾರಾದರೂ ಬಂದು ಸೇದಿ ಸುರುವಲಿ ಎಂದು ಆ ಕಲ್ಲಿನ ಮೇಲೆ ನಿಂತು ಕಾಯಬೇಕಿತ್ತು. ಇವರ ತಾಯಿಯೂ ಹಾಗೆ ನಿಂತವರು, ಸೆರಗು ಹಿಡಿದು ಪಕ್ಕದಲ್ಲಿ ಇವರು.

"ಹತ್ತು ಹೆಜ್ಜಿ ಅತ್ತಿತ್ತ ಆದ್ರ ಏನಾಗ್ತದ ಸರ್?" ಎಂದು ಮೇಡಂ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವರಿಗೂ ಸಾಕಾಗಿತ್ತು.

"ಸುರಪುರದ ಬಾಗಿಲಕ್ಕ ಏನೂ ಆಗೂದಿಲ್ಲ, ಹಾಕ್ರಿ" ಎಂದರು ಇವರು. "ನಮ್ಮೂರಾಗ ಆಗ್ತದ. ಆ ಕಲ್ಲಿಗೂ ಬಾವಿ ದಂಡಿಗೂ ನಡುವ ಒಂಬತ್ತು ಹೆಜ್ಜಿ ಅದ. ನಿಮ್ಮ ಯಂತ್ರ ಬಾವಿ ಬ್ಯಾರೆ, ಹೆಣ್ಮಗಳು ಬ್ಯಾರೆ ಕೂಡಸ್ತದ, ಹತ್ತು ಹೆಜ್ಜಿ ತಪ್ಪಿತಂದ್ರ ನಮ್ಮವ್ವ ಬಾವಿ ದಂಡಿ ಮ್ಯಾಲ ನಿಂತು ನೀರು ಸೇದಿದಂಗ ಕಾಣ್ತದ. ಆಕಿ ಒಂದು ದಿನಾನೂ ಸೇದಿಲ್ರಿ ಮೇಡಂ."

ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಮೇಡಂ ಆ ಹಾಳೆಯನ್ನು ನಿಧಾನಕ್ಕೆ ಮಡಿಸಿದರು.

"ಇನ್ನೊಂದು" ಎಂದರು ಇವರು. "ಆ ಹೆಣ್ಮಗಳನ್ನ ತಗೀರಿ. ನಮ್ಮವ್ವ ತಲಿ ಬಗ್ಗಿಸಿ ನಿಂದರ್ತಿದ್ದಿಲ್ಲ, ಹಗ್ಗ ನೋಡ್ಕೋತ ನಿಂದರ್ತಿದ್ಲು. ಆಕಿ ಮುಖ ನಿಮಗ ಬರೂದಿಲ್ಲ, ನನಗೂ ಈಗ ಸರಿಯಾಗಿ ನೆನಪಿಲ್ಲ. ಕಲ್ಲಿನ ಮ್ಯಾಲ ಖಾಲಿ ಕೊಡ ಇಡ್ರಿ, ಸಾಕು."

ಹೀಗೆ ನಮ್ಮೂರಿಗೆ ಮೂರನೇದು ಗಟ್ಟಿಯಾಯಿತು. ಚಿತ್ತಾರವನ್ನು ಕಾಗದದ ಬದಲು ಫರ್ಸಿ ಕಲ್ಲಿನಲ್ಲಿ ಕೊರೆಸಿ, ನಿಂತು ಕಾಯುತ್ತಿದ್ದ ಆ ಕಲ್ಲಿನ ಜಾಗದಲ್ಲೇ ನೆಲಕ್ಕೆ ಕೂಡಿಸುವುದು. ಬಗ್ಗಿ ನೋಡಿದರೆ ಕೊಡ, ತಲೆಯೆತ್ತಿ ನೋಡಿದರೆ ಅಷ್ಟು ದೂರದಲ್ಲಿ ಬಾವಿ. ಕಲ್ಲಂತೂ ರಸ್ತೆಯ ಕೆಲಸದಲ್ಲಿ ಎತ್ತಲೋ ಹೋಗಿತ್ತು. ಜಾಗ ಗೊತ್ತುಮಾಡಬೇಕಿತ್ತು.

ಅದಕ್ಕೊಂದು ಹಾಳೆಯ ಮೇಲೆ ಅವರು ನಕ್ಷೆ ಬರೆದು ನನ್ನ ಕೈಗೆ ಕೊಟ್ಟರು. ಎಂಟು ಮಡಿಕೆ, ಒಂದೂ ಸೊಟ್ಟಗಿಲ್ಲ. ಚಹಾದಂಗಡಿಯ ಮೆಟ್ಟಿಲಾಗಿ ಉಳಿದಿರುವ ಬಾವಿ ದಂಡೆಯ ಒಂದು ಕಲ್ಲು ಗುರುತು. ಕೆಳಗೆ ಎರಡು ಸಾಲು. ಮೊದಲನೆಯದರಲ್ಲಿ, ನಿಂತವರ ಕಡೆಯಿಂದ: ಒಂಬತ್ತು ಹೆಜ್ಜೆ. ಎರಡನೆಯದರಲ್ಲಿ, ದಂಡೆಯ ಕಡೆಯಿಂದ: ಅಲ್ಲಿ ಏನೂ ಬರೆದಿರಲಿಲ್ಲ.

"ಆವಾಗ ನನಗ ಏಳು ವರ್ಷ" ಎಂದರು. "ಕೂಸಿನ ಅಳತಿ ಅದು. ದಂಡಿ ಮ್ಯಾಲ ನಿಂತು ಸುರುವಿದವರೊಳಗ ಈಗ ಉಳದವರು ನಿಮ್ಮ ಅತ್ತಿ ಒಬ್ಬರ. ನಾ ಕೇಳಿದ್ರ ಜಗಳಕ್ಕ ಬಂದಾನ ಅಂತ ತಿಳ್ಕೋತಾರ. ನೀವು ಕೇಳಿದ್ರ ಬರೀ ಅಳತಿ ಆಗ್ತದ. ಕೇಳ್ತೀರೇನ್ರಿ?"

ಕೇಳುತ್ತೇನೆ ಎಂದೆ. ಕೇಳಲಿಲ್ಲ. ಅತ್ತೆಗೆ ಎಪ್ಪತ್ತೈದು ದಾಟಿದೆ, ಬಿಪಿ ಇದೆ. ಮೊದಲು ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ. ಆಮೇಲೆ ಪರೀಕ್ಷೆ ಬಂತು. ಆಮೇಲೆ ಕಾರಣವೇ ಬೇಕಾಗಲಿಲ್ಲ. ದಿನಾ ಎರಡು ಹೊತ್ತು ಒಂದೇ ಅಡುಗೆ ಮನೆಯಲ್ಲಿ ಕೂತು ಏಳುವ ಹೆಂಗಸಿಗೆ, ಸಾಹೇಬರ ತಾಯಿಯನ್ನು ನೀವು ಎಲ್ಲಿ ನಿಲ್ಲಿಸುತ್ತಿದ್ದಿರಿ ಎಂದು ಕೇಳುವುದು ಹೇಗೆ? ಅವರು ದಾರಿಯಲ್ಲಿ ಸಿಕ್ಕಾಗ, "ಕೇಳಿದ್ರೇನ್ರಿ?" ಎನ್ನುತ್ತಿದ್ದರು. "ಇಲ್ರಿ ಸಾಹೇಬ್ರ, ಮುಂದಿನ ವಾರ" ಎನ್ನುತ್ತಿದ್ದೆ. ಮೂರು ಸಲ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟು, "ಆರಾಮ?" ಎಂದಷ್ಟೇ ಅಂದು ಹೆಜ್ಜೆ ಎಣಿಸುತ್ತ ಹೋಗುತ್ತಿದ್ದರು. ಅದು ಇನ್ನೂ ಕಷ್ಟವಾಗುತ್ತಿತ್ತು. ಅವರು ಹೋದ ದಿನ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಆ ಹಾಳೆಯನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟೆ.

ನಿನ್ನೆ ಮೇಡಂ ಫೋನು ಮಾಡಿದರು. ಕಲ್ಲು ತಯಾರಾಗಿದೆ, ನಾಳೆ ಗೌಂಡಿ ಶಹಾಪುರದಿಂದ ತರುತ್ತಾನೆ, ಒಂಬತ್ತು ಹೆಜ್ಜೆಗೇ ಕೂಡಿಸಿಬಿಡೋಣವೇ ಎಂದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾಳೆ ಹೇಳುತ್ತೇನೆ ಎಂದೆ.

ಇವತ್ತು ಪುಂಡಿಪಲ್ಯ ಸೋಸುವಾಗ ಕೇಳಿದೆ. "ಅತ್ತಿ, ಹಳೇ ಬಾವಿಗಿ ಕೆಳಗಿನ ಓಣಿ ಹೆಣ್ಮಕ್ಕಳು ನೀರಿಗಿ ಬಂದ್ರ ಎಲ್ಲಿ ನಿಂದರ್ತಿದ್ರು?"

ಅವರ ಕೈ ನಿಲ್ಲಲಿಲ್ಲ. "ಯಾರು ಕೇಳಾಕತ್ತಾರ?"

"ಮೋಜಣಿ ಸಾಹೇಬ್ರು."

"ಅವ ಸತ್ತಾನಲ್ಲ."

"ಇದ್ದಾಗ ಕೇಳಿದ್ರು. ನಾನ ನಿಮ್ಮ ತನಕ ತರಲಿಲ್ಲ."

"ಯಾಕ?"

"ನಿಮಗ ಬಿಪಿ ಅದಲ್ಲ ಅತ್ತಿ."

"ನನ್ನ ಬಿಪಿಗಿ ಬಾವಿ ಏನ್ ಮಾಡ್ತದ" ಎಂದರು. ಉಳಿದ ಎಲೆಗಳನ್ನು ಬಿಡಿಸಿ, ದಂಟು ಒಂದು ಕಡೆ ಕೂಡಿಹಾಕಿ, ಮೊಣಕಾಲು ಹಿಡಿದು ಎದ್ದರು. "ಚಪ್ಲಿ ತಾ. ಬಿಸಲ ಇಳೀಲಿ, ಹೋಗೂಣು."

ಮೂರೂವರೆಗೆ ಹೋದೆವು. ಕಪ್ಪು ಕನ್ನಡಕ, ತಲೆಯ ಮೇಲೆ ಸೆರಗು. ಚಹಾದಂಗಡಿಯವ ಸ್ಟೂಲು ತಂದ. ಅವರು ಕೂಡಲಿಲ್ಲ. ಮೆಟ್ಟಿಲಿನ ಕಲ್ಲನ್ನು ಕಾಲಿನಿಂದ ಸವರಿ ನೋಡಿ, ಅದರ ಮೇಲೆ ಹತ್ತಿ, ಕೆಳಗಿನ ಓಣಿಯ ಕಡೆ ಮುಖ ಮಾಡಿ ನಿಂತರು.

"ಕೊಡ ಇಲ್ಲಿಡ್ತಿದ್ಲು" ಎಂದು ಎರಡು ಮೊಳ ದೂರದ ನೆಲ ತೋರಿಸಿದರು. "ಇಟ್ಟು ಹಿಂದ ಸರದು ಅಲ್ಲಿ ಹೋಗಿ ನಿಂದರ್ತಿದ್ಲು. ನಾ ಸುರುವಿ ಈ ಕಡಿ ಬಂದ ಮ್ಯಾಲ ಬಂದು ಒಯ್ತಿದ್ಲು."

ಆಮೇಲೆ ಇಳಿದು ನಡೆದರು. ನಾನು ಪಕ್ಕದಲ್ಲಿ ಎಣಿಸುತ್ತ ನಡೆದೆ. ಒಂಬತ್ತಕ್ಕೆ ನನ್ನ ಕಾಲು ತಾನಾಗಿ ನಿಂತಿತು. ಅತ್ತೆ ನಿಲ್ಲಲಿಲ್ಲ. ಹನ್ನೆರಡು. ಹದಿಮೂರು. ಹದಿನಾಲ್ಕಕ್ಕೆ ನಿಂತರು.

"ಇಲ್ಲಿ."

"ಅತ್ತಿ, ಸಾಹೇಬ್ರು ಒಂಬತ್ತು ಅಂತ ಬರದಾರ."

"ಅವ ಅವ್ವನ ಸೆರಗು ಹಿಡಕೊಂಡು ನಿಂತ ಕೂಸು. ಅವಗ ದೂರ ಹೆಂಗ ಗೊತ್ತಾಗ್ಬೇಕು" ಎಂದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹನಿ ಹಾಕಿದ ಕಣ್ಣು, ಬಿಸಿಲಿಗೆ ನೀರು ಬರುತ್ತದೆ. "ನನಗ ಗೊತ್ತದ. ನಾನ ನಿಲ್ಲಿಸಿದಾಕಿ."

ನಾನು ಮೇಡಂಗೆ ಫೋನು ಮಾಡಿ, ಒಂಬತ್ತು ತೆಗೆದು ಹದಿನಾಲ್ಕು ಹಾಕಿರಿ ಎಂದೆ. "ಸರ್ ಒಂಬತ್ತು ಅಂದಿದ್ರಲ್ಲ?" ಎಂದರು. ಸರ್ ಇದ್ದಿದ್ದರೂ ಇದನ್ನೇ ಬರೆದುಕೊಳ್ಳುತ್ತಿದ್ದರು ಎಂದೆ. ಗೌಂಡಿ ನೆಲ ಅಗೆದು, ಮಟ್ಟ ನೋಡಿ ಕಲ್ಲು ಕೂಡಿಸಿದ. ನಾನು ಹಾಳೆಯ ಎರಡನೇ ಸಾಲು ತುಂಬಿದೆ. ಒಂಬತ್ತನ್ನು ಹೊಡೆದುಹಾಕಲಿಲ್ಲ.

ಸುದ್ದಿ ತಿಳಿದು ಸಾಹೇಬರ ಹೆಂಡತಿ ಬಂದರು, ಕೈಯಲ್ಲಿ ಆ ಕೊಡೆ. ಬಿಚ್ಚಿ ನನ್ನ ಫೋನಿಗೆ ನೆರಳು ಹಿಡಿದರು. ಕಲ್ಲಿನ ಮೇಲೆ ಕೊಡ ಮೂಡಿತು. ಅತ್ತಿತ್ತ ಸರಿಯಲಿಲ್ಲ.

"ತುಂಬ್ಯದೋ, ಖಾಲಿ ಅದನೋ?" ಎಂದು ಕೇಳಿದರು.

"ಖಾಲಿ ಅದ್ರಿ ಅಕ್ಕ."

"ಹಂಗಾರ ಸರಿ ಅದ." ತಲೆಯೆತ್ತಿ ದೂರದ ಬಾವಿಯನ್ನೂ ಒಮ್ಮೆ ನೋಡಿದರು. ಮೆಟ್ಟಿಲಿನ ಹತ್ತಿರ ನಿಂತಿದ್ದ ಅತ್ತೆಯನ್ನು ನೋಡಿದರು. ಕೊಡೆ ಮಡಿಸಿಕೊಂಡು ಅವರು ಹೋದರು. ನಾನು ಅತ್ತೆಯ ಕೈ ಹಿಡಿದು ಮನೆಗೆ ಕರೆತಂದೆ.

ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ನಮ್ಮ ಮನೆಯವರು ಮೂರು ರೊಟ್ಟಿ ತಿಂದರು, ನಾನು ಎರಡು. ಅತ್ತೆ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದು, ತಮ್ಮ ತಾಟು ತಾವೇ ತೊಳೆದಿಟ್ಟರು. ಈ ಮನೆಯಲ್ಲಿ ದಿನಾ ಮೊದಲು ಮಲಗುವವರು ಅವರು. ಇವತ್ತು ನಮ್ಮ ಮನೆಯವರು ಮೊದಲು ಮಲಗಿದರು, ಅತ್ತೆ ಇನ್ನೂ ಎದ್ದೇ ಇದ್ದಾರೆ.